ಕೆಂಪಿಗೊಂದು ಗಂಟು

ಅಪ್ಪಗ ಕೆಂಪು ಕಾಣೂದಿಲ್ಲ ಅನ್ನೂದು
ಇಡೀ ಗುಳೇದಗುಡ್ಡದಾಗ ಇಬ್ಬರಿಗಷ್ಟ ಗೊತ್ತಿತ್ತು.
ಅಪ್ಪಗ, ಮತ್ತ ಅವ್ವಗ.
ಅವ್ವ ಹಾಸಿಗಿ ಹಿಡದ ಮ್ಯಾಲೆ, ನನಗ.

ಅವ್ವ ನೀಲವ್ವ ರಾತ್ರಿ ಕೂತು ಕಂಡಿಕಿ ಸುತ್ತಾಕಿ,
ತುದೀಗೆ ಗಂಟು ಹಾಕಾಕಿ:
ಕೆಂಪಿಗೊಂದು, ಹಸರಿಗೆರಡು,
ಕಪ್ಪಿಗೆ ಗಂಟಿಲ್ಲ.
ಕುಣಿಮಗ್ಗದಾಗ ಕಾಲು ಇಳಿಬಿಟ್ಟು
ಅಪ್ಪ ಹೆಬ್ಬಟ್ಟಿಲೆ ಬಣ್ಣ ಓದಾಂವ.
ಸಾವಕಾರ ಖಣ ಬಿಸಲಿಗೆ ಹಿಡದು
"ಮುರಿಗೆಪ್ಪನ ಕೆಂಪಂದ್ರ ಕೆಂಪು!" ಅಂತಿದ್ದ.
ಅಪ್ಪ ನಗತಿದ್ದ.
ಯಾಕ ನಗತಾನಂತ ಸಾವಕಾರಗ ತಿಳೀಲಿಲ್ಲ.

ಒಮ್ಮೆ ಅವ್ವ ತವರಿಗೆ ಹೋದಾಗ
ಗಂಟು ಬಿಚ್ಚಿದ ಕಂಡಿಕಿ ಲಾಳಿ ಸೇರಿ
ಎರಡು ದಿನ ಹಸರು ಸೂರ್ಯ ಹುಟ್ಟಿದ.
ಬಾದಾಮಿ ಕಡೇದಾಕಿ ಯಾರೋ
ನನಗಿದಽ ಬೇಕಂತ ಹಟಾ ಹಿಡದು ಒಯ್ದಳು.

ಅಪ್ಪ ಹ್ವಾದ. ಮಗ್ಗ ತಮ್ಮ ಗುರಸಿದ್ದಗ,
ಮನಿ ಗುರಸಿದ್ದಗ, ಅಡ್ಡಹೆಸರು ಗುರಸಿದ್ದಗ.
ನಾ ಬಿಡುಗಡಿ ಪತ್ರಕ್ಕ ಸಹಿ ಮಾಡಿ
ಒಂದು ಸೀರಿ ತಗೊಂಡು ಬಾಗಲಕೋಟಿಗೆ ಬಂದೆ.

ನನ್ನ ಮಗ ಸಂಗು ಮೂರನೇತ್ತಾ ಇದ್ದಾಗ
ಒಂದು ಗಿಳಿ ಬರದ.
ಮೈಯೆಲ್ಲಾ ಕೆಂಪು, ಕೊಕ್ಕು ಹಸರು.
ಮಾಸ್ತರು ಕಿವಿ ಹಿಂಡಿದರು.
ನಾ ಹಾಳಿ ನೋಡಿದೆ. ನನ್ನ ಹೆಬ್ಬಟ್ಟು ಜುಮ್ ಅಂತು.

"ನಮ್ಮ ಮನಿತನದಾಗ ಇಂಥಾದ್ದಿಲ್ಲ" ಅಂದಳು ಅತ್ತಿ.
ಹುಟ್ಟಾ ಮೊದಲ ಸಲ
ಆಕಿ ಮಾತು ಖರೇ ಇತ್ತು.

ಕಣ್ಣಿನ ಡಾಕ್ಟರಮ್ಮ ಚುಕ್ಕಿ ಪುಸ್ತಕ ಮುಚ್ಚಿ
ಚೀಟಿ ಹಿಂದ ಗೆರಿ ಎಳದರು.
ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು,
ಪಕ್ಕಕ್ಕ ಒಂದು ಮೋಟು ವೈ.
ನನಗ ಮಗ್ಗದ ಭಾಷಾದಾಗ ತಿಳೀತು:
ನನ್ನದು ಜೋಡಿ ಎಳಿ,
ಒಂದು ಸವದ್ರ ಇನ್ನೊಂದು ಜಗ್ಗಿ ಹಿಡೀತೈತಿ.
ಸಂಗುಂದು ಒಂಟಿ ಎಳಿ.
ಮೋಟು ಎಳಿ ಗಂಡಂತ ಹೇಳತೈತಿ,
ಬಣ್ಣದ ಮಾತು ಅದಕ್ಕ ಬರೂದಿಲ್ಲ.

ಆ ಮೋಟು ಎಳಿ ಕೊಡೂದು ಬಿಡೂದು ಗಂಡಸಿನ ಕೈಯಾಗಂತ.
ಕೈಯಾಗೂ ಅಲ್ಲ, ಮೈಯಾಗ.
ತ್ರಿವೇಣಿ ಹುಟ್ಟಿದಾಗ ಹದಿನೈದು ದಿನ
ನನ್ನ ಜೋಡಿ ಮಾತು ಬಿಟ್ಟಿದ್ದ ಅತ್ತಿ
ಅಲ್ಲೇ ಸ್ಟೂಲಿನ ಮ್ಯಾಲೆ ಕೂತಿದ್ದಳು.
ಸೆರಗು ಸರಿ ಮಾಡಕೊಂಡಳು, ಅಷ್ಟ.

ಡಾಕ್ಟರಮ್ಮ ಇನ್ನೊಂದು ಹೇಳಿದರು.
"ಈ ಎಕ್ಸ್ ನಿಮ್ಮಪ್ಪಗ ಮಗನಿಗೆ ಕೊಡಾಕ ಬರೂದಿಲ್ಲ.
ಮಗಳಿಗೆ ಕೊಡದಽ ಇರಾಕ ಬರೂದಿಲ್ಲ."

ಆ ಚೀಟಿ ಮಡಚಿ ಕುಪ್ಪಸದಾಗ ಇಟಗೊಂಡೆ.
ಬಸ್ಸಿನಾಗ ನಾಕು ಸಲ ತಗದು ನೋಡಿದೆ.
ಯಾವ ಪತ್ರಕ್ಕ ಸಹಿ ಮಾಡಿದರೂ
ಬಿಡಿಸಕೊಳ್ಳಾಕ ಬರದ ಪಾಲು.

ಗುರಸಿದ್ದಗ ಕೆಂಪು ಚೊಲೋ ಕಾಣತೈತಿ.
ಮಗ್ಗ ಮಾರಿದ.

ಅಪ್ಪಗ ಇದನ್ನ ಕೊಟ್ಟಾಕಿ ಅವನ ಅವ್ವ.
ಆಕಿ ಯಾರಿಗೆ ಗಂಟು ಹಾಕಿದ್ದಳೋ.
ಆಕೀನ ನಾವು ಆಯಿ ಅಂತಿದ್ವಿ.
ಹೆಸರು ಕೇಳಿರಲಿಲ್ಲ.

ತ್ರಿವೇಣಿಗೆ ರೂಪಾಯಿಗೆ ಎಂಟಾಣೆ ಅಂದಾರ.
ಜಡಿ ಹಾಕುವಾಗ ಕನ್ನಡ್ಯಾಗ ಆಕಿ ಕಣ್ಣು ನೋಡತೇನಿ.
ಎಲ್ಲಾ ಬಣ್ಣ ಕಾಣತಾವು.
ಕಾಣದ್ದು ಐತೋ ಇಲ್ಲೋ ಕಾಣಸೂದಿಲ್ಲ.

ನಿನ್ನೆ ರಾತ್ರಿ ಎಲ್ಲಾರೂ ಮಲಗಿದ ಮ್ಯಾಲೆ
ಸಂಗುನ ಬಣ್ಣದ ಪೆನ್ಸಿಲ್ ಡಬ್ಬಿ ತಗದೆ.
ಹಳೇ ದಾರ ಸುತ್ತಿ
ಕೆಂಪಿಗೊಂದು ಗಂಟು, ಹಸರಿಗೆರಡು.
ಮುಂಜಾನೆ ಅಂವ ಕಣ್ಣು ಮುಚ್ಚಿ
ಒಂದೊಂದಽ ಮುಟ್ಟಿ ನೋಡಿದ, ನಕ್ಕ.
ಥೇಟ್ ಅಪ್ಪನ ನಗು.

"ಯವ್ವಾ, ನೇರಳಿಗೆ ಎಷ್ಟು?"

ಅಪ್ಪ ನೇರಳಿ ನೇಯ್ದಿದ್ದಿಲ್ಲ.
ಹಲ್ಲಿನಾಗ ದಾರ ಕಚ್ಚಿ
ನಾ ಇನ್ನೂ ವಿಚಾರ ಮಾಡಾಕತ್ತೇನಿ.